ನಮ್ಮವರ ಮೌಸಿನ ವೇಗ

ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯಲ್ಲಿ ನಾನೂ ನಮ್ಮವರೂ ಸೇರಿ ಒಂದು ಡಿಟಿಪಿ ಅಂಗಡಿ ನಡೆಸುತ್ತಿದ್ದೆವು. ಎರಡು ಕಂಪ್ಯೂಟರ್. ಒಂದರಲ್ಲಿ ನಾನು ಲಗ್ನಪತ್ರಿಕೆಯ ಅಕ್ಷರ ಕೂರಿಸುತ್ತಿದ್ದೆ, ಇನ್ನೊಂದರಲ್ಲಿ ಅವರು ಗಣಪತಿ, ಕಳಶ, ಬಾಳೆಕಂಬ ಬರೆಯುತ್ತಿದ್ದರು, ಅದೂ ಮೌಸಿನಲ್ಲೇ. ಅಕ್ಷರ ಕೂರಿಸುವವರು ಬೀದಿಗೆ ನಾಲ್ಕು ಜನ ಸಿಗುತ್ತಿದ್ದರು. ಅವರು ಎಳೆದ ಸೊಂಡಿಲಿಗಾಗಿ ಮಾತ್ರ ಮಲ್ಲೇಶ್ವರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಅನ್ನ ಇದ್ದದ್ದು ಆ ಗೆರೆಯಲ್ಲಿ.

ನನ್ನ ಮೌಸು ಮುಟ್ಟಿದರೆ ಓಡುತ್ತಿತ್ತು, ನನ್ನ ಬಾಯಿಯ ಹಾಗೆ. ಅವರದು ಮೊದಲಿನಿಂದಲೂ ಹದವಾಗಿತ್ತು. ಒಂದು ವರ್ಷ ಯಾಕೋ ಅವರ ಪರದೆಯ ಮೇಲಿನ ಬಾಣ ತೆವಳತೊಡಗಿತು. ಬಿಲ್ಲು ಮಾಡಲು ನಾನು ಅಲ್ಲಿ ಕೂತರೆ ಬಾಣ ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಮೌಸಿಗೆ ಮೇಜೇ ಸಾಲುತ್ತಿರಲಿಲ್ಲ. ಮೈ ಉರಿಯುತ್ತಿತ್ತು ನನಗೆ. ಮೌಸಿನ ಹೊಟ್ಟೆಯೊಳಗಿನ ರಬ್ಬರ್ ಗುಂಡು ತೆಗೆದು ಒರೆಸಿದೆ, ಮೆತ್ತಿದ್ದ ಕೊಳೆಯನ್ನು ಉಗುರಿನಿಂದ ಕೆರೆದೆ, ಕೊನೆಗೆ ಹೊಸ ಮೌಸೇ ತಂದೆ. ಅದೂ ತೆವಳಿತು. ವೇಗ ಹೊಂದಿಸಲು ಕಂಪ್ಯೂಟರಿನಲ್ಲೇ ಒಂದು ಜಾಗವಿದೆಯೆಂದು ನನಗೆ ಗೊತ್ತಿರಲಿಲ್ಲ.

“ನಿಮ್ ಕೈಗೆ ಸಿಕ್ಕಿದ್ದಕ್ಕೆಲ್ಲ ವಯಸ್ಸಾಗ್ಬಿಡತ್ತಲ್ರೀ!” ಎಂದು ರೇಗಿಸಿದೆ.

“ಹಂಗೇ ಇರ್ಲಿ ಬಿಡೇ, ಮುಟ್ಬೇಡ,” ಎಂದು ನಕ್ಕರು.

ಮಾಘದ ಮದುವೆಗಳ ಸಮಯ. ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರ ಫಿಲ್ಮ್ ತೆಗೆಸಲು ನಗರ್ತಪೇಟೆಯ ಒಂದು ಅಂಗಡಿಗೆ ಹೋದೆವು. ಗಣಪತಿಯ ಸೊಂಡಿಲಲ್ಲಿ ಗೆರೆ ಒಂದು ಕಡೆ ಬಿಟ್ಟುಹೋಗಿತ್ತು. “ನೀವೇ ಸರಿ ಮಾಡ್ಬಿಡಿ ಸಾರ್,” ಎಂದು ಅಂಗಡಿಯಾತ ತನ್ನ ಕುರ್ಚಿ ಕೊಟ್ಟ. ಅಲ್ಲಿನ ಮೌಸು ಭಾರಿ ಚುರುಕು. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ಹೋಗುತ್ತಿತ್ತು, ಕೈ ಒಂದಿಷ್ಟು ಅದುರಿದರೆ ನೆಗೆದುಬಿಡುತ್ತಿತ್ತು. ನಮ್ಮವರು ಗೆರೆ ಹಿಡಿಯಲು ಹೋದರೆ ಬಾಣ ಗಣಪತಿಯ ಕಿವಿ ದಾಟಿ ಪರದೆಯ ಮೂಲೆಗೆ ಹಾರಿತು. ವಾಪಸ್ ತಂದರು. ಮತ್ತೆ ಹಾರಿತು.

“ಈ ಮೌಸು ಸರಿ ಇಲ್ಲ,” ಎಂದರು.

ಅಂಗಡಿಯಾತ ಪಾಪ, ಹೂಂ ಎಂದ. ಅಷ್ಟರಲ್ಲಿ ನಾನೂ ಅವನೂ ನಮ್ಮವರ ಬಲಗೈಯನ್ನೇ ನೋಡುತ್ತಿದ್ದೆವು. ಅದು ನಡುಗುತ್ತಿತ್ತು.

ಆಟೋದಲ್ಲಿ ವಾಪಸ್ ಬರುವಾಗ ನನಗೆ ಹೆದರಿಕೆ, ಅದರ ಮೇಲೆ ಸಿಟ್ಟು. ನಮ್ಮ ಅಂಗಡಿಯ ಬಾಗಿಲು ತೆಗೆದವಳೇ ಕೇಳಿದೆ, “ಎಷ್ಟ್ ದಿನದಿಂದ ರೀ? ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿ ಏನ್ಮಾಡ್ಲಿ? ನರದ್ದು ಅಂತಾರೆ ಡಾಕ್ಟ್ರು. ಮಾತ್ರೆ ತಗೋತಿದೀನಿ. ಪೂರ್ತಿ ನಿಲ್ಲಲ್ವಂತೆ.”

ಕಂಪ್ಯೂಟರ್ ಹಾಕಿ ಮೌಸಿನ ವೇಗ ಹೊಂದಿಸುವ ಜಾಗ ತೋರಿಸಿದರು. ಅಡ್ಡಕ್ಕೆ ಒಂದು ಪಟ್ಟಿ, ಅದರ ಮೇಲೆ ಸರಿಸುವ ಗುರುತು. ಬಲಕ್ಕೆ ಎಳೆದರೆ ವೇಗ, ಎಡಕ್ಕೆ ನಿಧಾನ. ಬಾಣ ನಿಧಾನವಾದಷ್ಟೂ ಕೈಯ ನಡುಕ ಗೆರೆಯಲ್ಲಿ ಕಾಣುತ್ತಿರಲಿಲ್ಲವಂತೆ. ನಡುಕ ಹೆಚ್ಚಾದಾಗಲೆಲ್ಲ ಗುರುತನ್ನು ಒಂಚೂರು ಎಡಕ್ಕೆ ಸರಿಸಿಕೊಂಡು ಕೆಲಸ ಮಾಡಿದ್ದರು.

“ಸರಿ, ಇನ್ನೂ ಸ್ವಲ್ಪ ನಿಧಾನ ಮಾಡ್ಕೊಂಡ್ರಾಯ್ತಲ್ರೀ,” ಎಂದೆ.

ಅವರು ನನ್ನ ಕೈ ಹಿಡಿದು ಮೌಸಿನ ಮೇಲೆ ಇಟ್ಟರು. ಎಡಕ್ಕೆ ಎಳೆದೆ. ಗುರುತು ಕದಲಲಿಲ್ಲ.

“ಆ ಕಡೆ ಇನ್ನು ಜಾಗ ಇಲ್ಲ ಕಣೇ,” ಎಂದರು.