ಇಬ್ಬರ ಬಾವಿ

ನನ್ನ ಗಂಡನ ಅಣ್ಣ, ನಮ್ಮ ಭಾವ ಬಸಲಿಂಗಪ್ಪನವರನ್ನು ಊರೆಲ್ಲ ಹೊಗಳುತ್ತದೆ. ಊರಿಗೇನು, ಬಾವಿ ಕೆಟ್ಟದ್ದು ನಮ್ಮದು.

ಮುನವಳ್ಳಿ ಹತ್ತಿರದ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದಾಗ ಬಾವಿಯೊಂದು ಇಬ್ಬರಿಗೂ ಉಳಿಯಿತು, ಕುಡಿಯುವ ನೀರೂ ಅದರದೇ. ತೊಂಬತ್ತೆಂಟರಲ್ಲಿ ಭಾವ ಯಾವುದೋ ಸಾವಯವ ಕೃಷಿ ಶಿಬಿರಕ್ಕೆ ಹೋಗಿ ಬಂದವರೇ ಯೂರಿಯಾದಂಥ ಸರಕಾರಿ ಗೊಬ್ಬರ ಬಿಟ್ಟು, ಎಮ್ಮೆ ಕಟ್ಟಿ, ತಿಪ್ಪೆಯನ್ನು ಗುಡ್ಡದಷ್ಟು ಬೆಳೆಸಿದರು. ನೆಲ ಮೆತ್ತಗಾಯಿತು, ಎರೆಹುಳು ಬಂದವು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ತಿಪ್ಪೆ ಇದ್ದದ್ದು ಬಾವಿಯ ಮೇಲ್ಗಡೆ. ಇತ್ತ ನನ್ನ ಗಂಡ ಕಬ್ಬಿಗೆ ಚೀಲಗಟ್ಟಲೆ ಯೂರಿಯಾ ಎರಚುತ್ತಿದ್ದರು.

ಮಗಳು ನಾಗರತ್ನಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಲ್ಲಾಗದಿದ್ದರೆ ಜನ ಆಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನೀರು ನಾರುತ್ತಿತ್ತು, ಪರೀಕ್ಷೆಗೆ ಕಳಿಸಿದೆ. ನೈಟ್ರೇಟ್ ಹೆಚ್ಚಿದೆ, ಕುದಿಸಿದರೂ ಹೋಗುವುದಿಲ್ಲ, ಕೂಸಿಗೆ ಕೊಡಬೇಡಿ ಎಂದರು. ಅದು ಯೂರಿಯಾದಿಂದಲೂ ಬರುತ್ತದಂತೆ, ಸೆಗಣಿಯಿಂದಲೂ ಬರುತ್ತದಂತೆ.

"ಸೆಗಣಿ ನೆಲಕ್ಕ ಅಮೃತ. ಅದು ಹ್ಯಾಂಗ ವಿಷ ಆಗತೈತಿ?" ಎಂದರು ಭಾವ.

"ನೆಲಕ್ಕ ಇರಬಹುದು ಭಾವನೋರ, ನನ್ನ ಮೊಮ್ಮಗಗ ಅಲ್ಲ. ತಿಪ್ಪಿ ಆ ಕಡೆ ಬದುವಿಗೆ ಸರಸ್ರಿ."

"ಅಜ್ಜನ ಕಾಲದಿಂದ ದೀಪಾವಳಿಗೆ ತಿಪ್ಪಿನ ಲಕ್ಷ್ಮಿ ಅಂತ ದೀಪಾ ಹಚ್ಚಿದ ಜಾಗಾ. ಲಕ್ಷ್ಮೀನ್ನ ಎಬ್ಬಸ್ಲೇನು? ಮೊದಲ ನಿನ್ನ ಗಂಡಗ ಹೇಳು."

ಗಂಡನಿಗೆ ಹೇಳಿದರೆ, "ಮೊದಲ ಅಣ್ಣಾ ಸರಸ್ಲಿ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ, ಅದೂ ಎರಡು ಕೋಣ.

ನನಗೆ ತಲೆ ಕೆಟ್ಟುಹೋಯಿತು. ದೀಪಾವಳಿ ಪಾಡ್ಯದ ನಸುಕಿಗೆ, ತಿಪ್ಪೆಯ ಪೂಜೆಗೆ ಇಡುವ ಸೆಗಣಿಯ ಪಾಂಡವರನ್ನು ಮಾಡಿ ದೂರದ ಬದುವಿನ ಮೇಲೆ ಕೂರಿಸಿ, ಹೂ ಏರಿಸಿ ದೀಪ ಹಚ್ಚಿಬಿಟ್ಟೆ. ಭಾವ ಕೆಂಡಾಮಂಡಲವಾದರು. ಆದರೆ ಪೂಜೆ ಮುಗಿದಿತ್ತು, ಲಕ್ಷ್ಮಿ ಬದುವಿನ ಮೇಲೆ ಕೂತಾಗಿತ್ತು, ಹಚ್ಚಿದ ದೀಪ ಆರಿಸುವ ಧೈರ್ಯ ಅವರಿಗೆಲ್ಲಿ? ಗೊಣಗುತ್ತಲೇ ತಿಪ್ಪೆಯನ್ನು ಬುಟ್ಟಿಬುಟ್ಟಿಯಾಗಿ ಅಲ್ಲಿಗೆ ಹೊತ್ತರು. ನನ್ನ ಗಂಡ ಕಟ್ಟೆಯ ಮೇಲೆ ಕೂತು ನಕ್ಕರು. ಯೂರಿಯಾಕ್ಕೆ ಯಾವ ದೇವರೂ ಇಲ್ಲ, ಅದನ್ನು ಎಬ್ಬಿಸುವುದು ನನ್ನಿಂದಾಗಲಿಲ್ಲ.

ಮಾಘದಲ್ಲಿ ಮತ್ತೆ ನೀರು ಕಳಿಸಿದೆ. ಅದೇ ಉತ್ತರ ಬಂತು. ನೆಲಕ್ಕಿಳಿದದ್ದು ಅಷ್ಟು ಬೇಗ ಹೋಗುವುದಿಲ್ಲವಂತೆ. ನಾಚಿಕೆ ಬಿಟ್ಟು ಬೀಗಿತ್ತಿಗೆ ಹೇಳಿಕಳಿಸಿದೆ. ಬಾಣಂತನ ದೇಗಾಂವದಲ್ಲಿ ಬೀಗರ ಮನೆಯಲ್ಲೇ ಆಯಿತು.

ಕೂಸನ್ನು ತೊಟ್ಟಿಲಿಗೆ ಹಾಕಲು ಹೊರಟ ದಿನ, ಬಸ್ಸು ಬೈಲಹೊಂಗಲ ದಾಟಿದರೂ ಅಣ್ಣತಮ್ಮಂದಿರು ಬಾವಿ ಕೆಡಿಸಿದ್ದು ಯಾರ ಗೊಬ್ಬರ ಎಂದು ಜಗಳಾಡುತ್ತಲೇ ಇದ್ದರು. ಬೀಗಿತ್ತಿ ಬಾಗಿಲಲ್ಲೇ ನಮಗೆಲ್ಲ ನೀರು ಕೊಟ್ಟಳು.

"ಕುಡೀರಿ, ನಮ್ಮ ನೀರು ಚಲೋ ಅದಾವ."

ಇಬ್ಬರೂ ಗಟಗಟ ಕುಡಿದು ಮತ್ತೊಂದು ತಂಬಿಗೆ ಕೇಳಿದರು. ಮಗಳಿಗೆ ತವರಿನ ನೀರು ಕೊಡಲಾಗದ ನಾನು ಮಾತ್ರ ತಂಬಿಗೆಯನ್ನು ಹಾಗೇ ಕೆಳಗಿಟ್ಟೆ.