ನಾಲ್ಕು ಬೆರಳು ತಗ್ಗಿನ ರಿಂಗ್

ವೈಟ್‌ಫೀಲ್ಡ್ ಕಡೆಯ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ನನ್ನ ಗೆಳತಿ ಫಾರ್ವರ್ಡ್, ಬುಟ್ಟಿಯ ಹತ್ತಿರ ಆಡುವವಳು. ಚೆಂಡು ಹಿಡಿಯುವ ಮುನ್ನ ಅಂಗೈಯನ್ನು ಶೂ ತಳಕ್ಕೆ ಒರೆಸಿಕೊಳ್ಳುತ್ತಿದ್ದಳು. ಚರ್ಚಾಸ್ಪರ್ಧೆಯ ಗಿರಾಕಿಯಾದ ನಾನು ಮೂರು ಅಂಶ ಮುಂದಿಟ್ಟು ಏನನ್ನೇ ಸಾಧಿಸಿದರೂ, "ಸರಿ ಮಗಾ, ಆಮೇಲೆ?" ಎನ್ನುತ್ತಿದ್ದಳು. ನಾಲ್ಕನೆಯ ಅಂಶ ನನ್ನಲ್ಲಿ ಇರುತ್ತಿರಲಿಲ್ಲ.

ಕೊನೆಯ ವರ್ಷ ವಿದೇಶಿ ಕ್ಲಬ್ಬಿನ ಕೋಚ್ ಒಬ್ಬರು ವಿಡಿಯೋ ಕರೆಯಲ್ಲಿ ಅವಳ ಆಟ ನೋಡಲು ಒಪ್ಪಿದರು. ಮೆಚ್ಚಿದರೆ ಒಂದು ಸೀಸನ್ನಿನ ಕರಾರು. ಫೋನ್ ಹಿಡಿದವನು ನಾನು. ಎಸೆದದ್ದೆಲ್ಲ ಬುಟ್ಟಿಗೆ ಬಿತ್ತು. ಕೋಚ್ ತಲೆದೂಗುತ್ತಿರುವಾಗಲೇ ಅವಳು ಓಡಿಬಂದಳು.

"ರಿಂಗ್ ವಿಷ್ಯ ಹೇಳ್ಬೇಕು ಕಣೋ."

ಕಂಬ ಕದಲಿಸದೆ ನಮ್ಮ ಕಾಲೇಜಿನ ಕೋರ್ಟಿಗೆ ಎರಡು ಸಲ ಕಾಂಕ್ರೀಟ್ ಸುರಿದಿದ್ದರು. ನೆಲ ಏರಿ, ಬುಟ್ಟಿಯ ರಿಂಗ್ ನಿಯಮದ ಎತ್ತರಕ್ಕಿಂತ ನಾಲ್ಕು ಬೆರಳು ತಗ್ಗಾಗಿತ್ತು. ನಾನು ತಕ್ಷಣ ಫೋನ್ ಮ್ಯೂಟ್ ಮಾಡಿದೆ.

"ತಲೆ ಕೆಟ್ಟಿದ್ಯಾ? ಅವ್ರು ಕೇಳಿದ್ರಾ? ಕೇಳ್ದೇ ಇರೋ ಪ್ರಶ್ನೆಗೆ ಉತ್ತರ ಕೊಡೋದು ಅಧಿಕಪ್ರಸಂಗ."

"ಸರಿ ಮಗಾ, ಆಮೇಲೆ? ಅಲ್ಲಿ ಹೋಗಿ ರಿಂಗ್ ಜೊತೆ ವಾದ ಮಾಡ್ಲಾ?"

ಫೋನ್ ಕಿತ್ತುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ಸರಿಯಾದ ಎತ್ತರದಲ್ಲಿ ತೋರಿಸು ಎಂದರು ಕೋಚ್. ಮರುವಾರ ಬೆಳ್ಳಂದೂರಿನ ಅಪಾರ್ಟ್‌ಮೆಂಟ್ ಒಂದರ ಕೋರ್ಟಿನಲ್ಲಿ, ವಾಚ್‌ಮನ್ ಅಣ್ಣನನ್ನು ಪುಸಲಾಯಿಸಿ, ಮತ್ತೆ ಕರೆ ಮಾಡಿದೆವು. ಅರ್ಧಕ್ಕರ್ಧ ಚೆಂಡು ರಿಂಗಿನ ಅಂಚಿಗೆ ಬಡಿದು ವಾಪಸ್ ಬಂತು.

"ಸರಿಮಾಡಿಕೊಳ್ಳಲು ಎಷ್ಟು ದಿನ ಬೇಕು?" ಎಂದು ಕೋಚ್ ಕೇಳಿದರು.

ಫೋನನ್ನು ಅವಳ ಕೈಗಿತ್ತು, ಹತ್ತು ದಿನ ಅನ್ನು ಎಂದು ನಾನು ಎರಡೂ ಕೈ ಬಿಡಿಸಿ ತೋರಿಸಿದೆ. ಅವಳು ನನ್ನತ್ತ ನೋಡಲೂ ಇಲ್ಲ.

"ಎರಡು ತಿಂಗಳು, ಸರ್."

ಕೋಚ್ ಕ್ಯಾಲೆಂಡರ್ ತಿರುವಿದರು. ಸೀಸನ್ ಶುರುವಾಗಲು ಮೂರು ತಿಂಗಳಿದೆ, ಇವತ್ತೇ ವೀಸಾಕ್ಕೆ ಅರ್ಜಿ ಹಾಕು ಎಂದರು.