ಬೀದಿಯಲ್ಲಿದ್ದ ನಮ್ಮ ಒಲೆ

ನನ್ನ ಮೊಮ್ಮಗಳು ಬರೆದ ನಮ್ಮ ಹಾಳೂರಿನ ಚರಿತ್ರೆಯನ್ನು ಶಾಲೆಯ ಬ್ಲಾಗಿನಲ್ಲಿ ಕಾಯಂ ಆಗಿ ಸೇರಿಸಿಬಿಟ್ಟರು! ಬರುವ ವರ್ಷ ಆರನೇ ತರಗತಿಯ ಮಕ್ಕಳಿಗೆ ಚರಿತ್ರೆಯ ಪಾಠ ಶುರುವಾಗುವುದೇ ಇವಳ ಪುಟದಿಂದಂತೆ. ಹಾಗಂತ ಮಿಸ್ಸು ಎಲ್ಲರ ಎದುರಿಗೇ ಹೇಳಿದರಂತೆ. ಬಸ್ಸಿಳಿದವಳು ಬೆನ್ನಿನ ಚೀಲ ಕುಣಿಸುತ್ತಾ ಓಡಿ ಬಂದು, "ಅಜ್ಜೀ, ಓಕೆ ಆಯ್ತು! ನಮ್ಮೊಲೆ ಓಕೆ ಆಯ್ತು!" ಎಂದು ನನ್ನ ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿದಳು. ಕೈಯಲ್ಲಿದ್ದ ಮೊರದ ರಾಗಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಕೋಳಿಗಳಿಗೂ ಹಬ್ಬ.

ಇದೇನು ಅಂಥ ದೊಡ್ಡ ವಿಷಯ ಎಂದು ಕೇಳುವವರು ಇರಬಹುದು. ಅವರಿಗಾಗಿ ಮೊದಲಿಂದ ಹೇಳುತ್ತೇನೆ.

ಮೊಮ್ಮಗಳು ದೊಡ್ಡಬಳ್ಳಾಪುರದ ಶಾಲೆಯಲ್ಲಿ ಏಳನೇ ತರಗತಿ. ನಾನು ಓದಿದ್ದು ನಾಲ್ಕನೆಯವರೆಗೆ. ನಮ್ಮ ಕಾಲದಲ್ಲಿ ಚರಿತ್ರೆ ಎಂದರೆ ರಾಜರ ಹೆಸರುಗಳನ್ನು ಬಾಯಿಪಾಠ ಮಾಡುವುದು, ತಪ್ಪಿದರೆ ಅಂಗೈ ಚಾಚುವುದು. ಇವಳ ಮಿಸ್ಸು ಹಾಗಲ್ಲ. ತರಗತಿಗೇ ಒಂದು ಬ್ಲಾಗು ಮಾಡಿಕೊಟ್ಟಿದ್ದಾರೆ. ನನಗೆ ಅರ್ಥವಾದ ಮಟ್ಟಿಗೆ ಅದು ಫೋನಿನಲ್ಲಿ ಕಾಣುವ ಗೋಡೆ. ಒಬ್ಬರು ಬರೆದು ಅಂಟಿಸಿದರೆ ಉಳಿದವರು ಅದರ ಕೆಳಗೇ ಪ್ರಶ್ನೆ ಕೇಳಬಹುದು. ಪ್ರತಿ ಮಗುವೂ ಮನೆಯಲ್ಲಿ ವಿಚಾರಿಸಿ ತನ್ನ ಊರಿನ ಚರಿತ್ರೆ ಬರೆಯಬೇಕು. ಜೊತೆಯ ಮಕ್ಕಳು ಕೇಳಿದ್ದಕ್ಕೆ ಪುರಾವೆ ಇಟ್ಟು ಉತ್ತರ ಕೊಟ್ಟರೆ ಮಾತ್ರ ಅದು ಎಲ್ಲ ಊರುಗಳ ಪುಟಕ್ಕೆ ಸೇರುತ್ತದೆ. ಕೊಡದಿದ್ದರೆ ಹೊರಗೇ ಉಳಿಯುತ್ತದೆ.

"ನಮ್ಮೂರಲ್ಲಿ ಏನೈತೆ ಅಜ್ಜಿ ಬರಿಯಕ್ಕೆ?" ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡಾಗ ನನಗೆ ಹೊಳೆದದ್ದು ಹಾಳೂರು.

ನಾವಿರುವುದು ಸಾಸಲಿನ ಕಡೆ. ನಮ್ಮ ಊರು ಮೊದಲು ಈಗಿರುವಲ್ಲಿ ಇರಲಿಲ್ಲ, ಕೆರೆಯ ಆಚೆ ಇತ್ತು. ಪಿಡುಗು ಬಂತೆಂದು ಬಿಟ್ಟು ಬಂದರು ಎನ್ನುವವರಿದ್ದಾರೆ, ಬಾವಿ ಬತ್ತಿತು ಎನ್ನುವವರೂ ಇದ್ದಾರೆ. ಈಗ ಅಲ್ಲಿ ಒಂದು ಬಸವಣ್ಣನ ಕಲ್ಲು, ಹುಣಸೆ ಮರ, ಕಾಲಿಗೆ ಸಿಗುವ ಮಡಕೆ ಚೂರು ಬಿಟ್ಟರೆ ಬರೀ ಬಯಲು. ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಊರಿಗೆ ಊರೇ ಅಲ್ಲಿಗೆ ಹೋಗಿ ಅಡುಗೆ ಮಾಡಿ ಬಸವಣ್ಣನಿಗೆ ಎಡೆ ಇಡುತ್ತದೆ. ಆದರೆ ಎಲ್ಲಿ ಬೇಕೆಂದರಲ್ಲಿ ಒಲೆ ಹೂಡುವಂತಿಲ್ಲ. ಹಿಂದೆ ಯಾರ ಮನೆ ಎಲ್ಲಿತ್ತೋ ಅಲ್ಲೇ ಅವರು ಮೂರು ಕಲ್ಲು ಇಡಬೇಕು. ಅತ್ತೆಯಾದವಳು ಸೊಸೆಯ ಕೈ ಹಿಡಿದು ಕರೆದೊಯ್ದು ಜಾಗ ತೋರಿಸುತ್ತಾಳೆ. ನನ್ನತ್ತೆ ನನಗೂ ತೋರಿಸಿದ್ದರು.

"ಇದು ನಮ್ಮೊಲೆ ಕಣಮ್ಮ, ಚಪ್ಪಲಿ ಬಿಡು" ಎಂದಿದ್ದರು. ಸುತ್ತ ನೋಡಿದರೆ ಬರೀ ಬಯಲು. ನಗು ಬಂತು, ಆದರೂ ಚಪ್ಪಲಿ ಬಿಟ್ಟೆ. ಇವತ್ತಿಗೂ ಬಿಡುತ್ತೇನೆ.

ಈ ವರ್ಷ ಮೊಮ್ಮಗಳು ಅಪ್ಪನ ಫೋನು ಹಿಡಿದು ಹಾಳೂರೆಲ್ಲ ಸುತ್ತಿದಳು. ಒಂದೊಂದು ಒಲೆಯ ಮುಂದೂ ನಿಂತು ಕೇಳಿ, ಹೆಂಗಸರು ಒಲೆ ಹೂಡುವುದನ್ನು ವಿಡಿಯೋ ಮಾಡಿಕೊಂಡು ಬಂದಳು. ಮನೆಗೆ ಬಂದು ಹಾಳೆಯ ಮೇಲೆ ಒಲೆಗೊಂದು ಚುಕ್ಕಿ ಇಡುತ್ತಾ ಹೋದಳು. ನೋಡನೋಡುತ್ತಿದ್ದಂತೆ ಚುಕ್ಕಿಗಳೆಲ್ಲ ಸಾಲಾಗಿ ನಿಂತವು. ಎರಡು ಸಾಲು ಮನೆ, ನಡುವೆ ಬೀದಿ, ಬೀದಿಯ ತುದಿಗೆ ಬಸವಣ್ಣ! ಮಣ್ಣಾಗಿ ಹೋದ ಊರು ಹಾಳೆಯ ಮೇಲೆ ಎದ್ದು ಕೂತಂತಾಯಿತು. ವರ್ಷಾವರ್ಷ ಅಲ್ಲಿ ಅನ್ನ ಬೇಯಿಸಿದ ನನಗೇ ಅದು ತಿಳಿದಿರಲಿಲ್ಲ.

ಖುಷಿಯಿಂದ ಬ್ಲಾಗಿಗೆ ಹಾಕಿದಳು. ಮಾರನೆಯ ದಿನ ಶಾಲೆಯಿಂದ ಬಂದವಳು ತಟ್ಟೆ ಮುಟ್ಟಲಿಲ್ಲ. ಪಕ್ಕದ ಬೆಂಚಿನ ಹುಡುಗಿ, ರಾಜಘಟ್ಟದವಳು, ಕೆಳಗೆ ಹೀಗೆ ಬರೆದಿದ್ದಳು: "ನಿಮ್ಮ ಮನೆ ಬೀದಿ ಮಧ್ಯ ಇತ್ತಾ ಗುರು? ಎತ್ತಿನ ಗಾಡಿ ನಿಮ್ಮ ಸಾರಿನ ಮೇಲೇ ಹೋಗ್ತಿತ್ತಾ? ನಮ್ಮೂರಲ್ಲಿ ಭೂಮಿ ಅಗೆದು ಹಳೇ ಬೌದ್ಧ ವಿಹಾರ ತೋರಿಸಿದ್ದಾರೆ. ನಿಮ್ಮೂರಲ್ಲಿ ಇರೋದು ಬರೀ ಒಲೆ ಬೂದಿ."

ಹಾಳೆ ತಂದು ನೋಡಿದೆ. ಹೌದು, ಎಲ್ಲರ ಚುಕ್ಕಿಯೂ ಸಾಲಿನಲ್ಲಿದೆ, ನಮ್ಮದೊಂದೇ ಬೀದಿಯ ನಡುಮಧ್ಯೆ. ಮಿಸ್ಸು ಅದರ ಕೆಳಗೆ, "ತಮಾಷೆ ಬೇಡ, ಆದರೆ ಪ್ರಶ್ನೆ ಒಳ್ಳೆಯದು. ಪುರಾವೆ ಹುಡುಕು. ಅಲ್ಲಿಯವರೆಗೆ ಪುಟ ಕಾಯಲಿ" ಎಂದು ಬರೆದಿದ್ದರು.

"ಯಾವಳೇ ಅವಳು? ಬಾ, ನಿಮ್ಮ ಮಿಸ್ಸಿಗೆ ನಾನು ಹೇಳ್ತೀನಿ" ಎಂದು ನಾನು ಸೆರಗು ಸಿಕ್ಕಿಸಿದೆ.

"ಬೇಡ ಅಜ್ಜಿ. ಅವಳು ಆಡ್ಕೊಂಡಿದ್ದು ತಪ್ಪು, ಕೇಳಿದ್ದು ಸರಿ. ನಮ್ಮೊಲೆ ಯಾಕೆ ಅಲ್ಲೈತೆ?"

ನನಗೇನು ಗೊತ್ತು? ಅತ್ತೆ ತೋರಿಸಿದರು, ನಾನು ಹೂಡಿದೆ. ಕೇಳೋಣವೆಂದರೆ ಅತ್ತೆ ಇಲ್ಲ.

ಅವಳು ಸುಮ್ಮನೆ ಕೂರಲಿಲ್ಲ. ತಾನು ತೆಗೆದ ವಿಡಿಯೋಗಳನ್ನು ಒಂದಾದ ಮೇಲೊಂದರಂತೆ ಹಾಕಿಕೊಂಡು ನೋಡುತ್ತಾ ಕೂತಳು. ಇದ್ದಕ್ಕಿದ್ದಂತೆ, "ಅಜ್ಜಿ, ಇಲ್ಲಿ ನೋಡು. ಎಲ್ಲರೂ ಒಲೆ ಹತ್ರ ಬರುವಾಗ ತಲೆ ಬಗ್ಗಿಸ್ತಾರೆ. ನೀನೊಬ್ಬಳೇ ಸೀದಾ ಬರ್ತೀಯ!" ಎಂದಳು.

"ಹಿಂದೆ ಬಾಗಿಲು ತಗ್ಗು ಇರ್ತಿತ್ತು ಮಗ. ಮನೆ ಹೋದ್ರೂ ಬಗ್ಗೋದು ಹೋಗಿಲ್ಲ."

"ನೀನ್ಯಾಕೆ ಬಗ್ಗಲ್ಲ?"

"ನಮ್ಮತ್ತೆ ಬಗ್ಗು ಅಂತ ಹೇಳಲೇ ಇಲ್ಲ. ನಾನು ಕುಳ್ಳಿ, ಅದಕ್ಕೇ ಬಿಟ್ಟಿರಬೇಕು ಅಂದ್ಕೊಂಡಿದ್ದೆ!"

ಅವಳು ನಗಲಿಲ್ಲ. "ಹಂಗಾದ್ರೆ ಅಲ್ಲಿ ಬಾಗಿಲೇ ಇರಲಿಲ್ಲ ಅಜ್ಜಿ. ಅದು ನಿಜವಾಗ್ಲೂ ಬೀದಿನೇ."

ಅವಳ ಕೈ ಹಿಡಿದುಕೊಂಡು ಅಕ್ಕನ ಮನೆಗೆ ಹೊರಟೆ. ಅಕ್ಕ ಎಂದರೆ ನನ್ನ ವಾರಗಿತ್ತಿ, ನಮ್ಮ ಮಾವನ ಅಣ್ಣನ ಸೊಸೆ, ನನಗಿಂತ ಮೊದಲೇ ಈ ವಂಶಕ್ಕೆ ಬಂದವಳು. ಹಾಳೂರಿನಲ್ಲಿ ಅವಳ ಒಲೆ ನಮ್ಮ ಒಲೆಗೆ ಎದುರಿಗೇ, ಸಾಲಿನ ಒಳಗೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವಳು ಎಲ್ಲ ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು.

"ಅಯ್ಯೋ, ಇಷ್ಟು ವರ್ಷ ಬೀದಿಲಿ ಬೇಯಿಸ್ಕೊಂಡು ತಿಂದು ಈಗ ಗೊತ್ತಾಯ್ತೇನೇ? ನಾನಾಗ ಹೊಸ ಮದುವಣಗಿತ್ತಿ. ನಮ್ಮ ಮಾವ, ನಿಮ್ಮ ಮಾವ ಇಬ್ಬರೂ ಭಾಗ ಆದ ವರ್ಷ. ಹೊಲ ಭಾಗ ಆಯ್ತು, ದನ ಭಾಗ ಆಯ್ತು, ಹಾಳೂರಿನ ಒಲೆ ಹೆಂಗೆ ಭಾಗ ಮಾಡ್ತೀಯ? ಅದು ಹಿರೀರು ಅಂತ ನಮ್ಮ ಮಾವಂಗೆ ಆಯ್ತು. ನಿಮ್ಮತ್ತೆ ಮೂರು ಕಲ್ಲು ಎತ್ಕೊಂಡು ಬಾಗಿಲಿದ್ದ ಜಾಗದಿಂದ ಆಚೆ ಬಂದು ಬೀದಿಲಿ ಹೂಡಿದ್ಲು. ಕಣ್ಣಾರೆ ನೋಡಿದೀನಿ."

"ಒಂದು ದಿನಾನಾದ್ರೂ ಹೇಳಬಾರದಾಗಿತ್ತಾ ಅಕ್ಕ?"

"ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

"ದೊಡ್ಡಜ್ಜಿ, ಇದಕ್ಕೆ ಪುರಾವೆ ಐತಾ?" ಎಂದಿತು ನಮ್ಮ ಹುಡುಗಿ.

"ನಾನೇ ಬದುಕಿದೀನಲ್ಲೇ, ಇನ್ನೇನು ಪುರಾವೆ ಬೇಕು?" ಎಂದು ಅಕ್ಕ ಗದರಿದಳು. ಗದರಿದವಳೇ ಕೋಲು ಹಿಡಿದು ಎದ್ದಳು. ಮೂವರೂ ಕೆರೆ ಏರಿಯ ಮೇಲೆ ನಡೆದೆವು. ತನ್ನ ಒಲೆಯ ಬೂದಿಯ ಪಕ್ಕದಲ್ಲಿ ಕೂತು ಅಕ್ಕ ಅಂಗೈಯಿಂದ ಮಣ್ಣು ಸರಿಸಿದಳು. ನೆಲದ ಮಟ್ಟಕ್ಕೆ ಹೂತ ಕಲ್ಲು, ನಡುವೆ ನುಣ್ಣಗೆ ಸವೆದ ಗುಳಿ. ಒರಳು! ಯಾರ ಯಾರ ಕೈ ಅಲ್ಲಿ ಭತ್ತ ಕುಟ್ಟಿತ್ತೋ.

"ಬೀದಿಲಿ ಯಾರೂ ಒರಳು ಹೂಳಲ್ಲ. ಇದು ನಡುಮನೆ. ಬರ್ಕೋ" ಎಂದಳು ಅಕ್ಕ. ಮೊಮ್ಮಗಳು ಬಗ್ಗಿ ಬಗ್ಗಿ ಫೋಟೋ ಹೊಡೆದಳು.

ನಾನು ಇನ್ನೂ ಬೀದಿಯಲ್ಲೇ, ನಮ್ಮ ಒಲೆಯ ಹತ್ತಿರ ನಿಂತಿದ್ದೆ. ಅಕ್ಕ ತಿರುಗಿ ನೋಡಿ, "ಅಲ್ಲೇನು ನೆಂಟರ ಥರ ನಿಂತಿದೀಯ? ನಿನ್ನ ಮನೇನೂ ಇದೇ ಕಣೆ, ಬಾ ಒಳಕ್ಕೆ" ಎಂದಳು. ಚಪ್ಪಲಿ ಬಿಟ್ಟೆ. ಇಷ್ಟು ಕುಳ್ಳಗಿದ್ದರೂ ತಲೆ ಬಗ್ಗಿಸಿ, ಇಲ್ಲದ ಬಾಗಿಲನ್ನು ದಾಟಿ ಒಳಗೆ ಹೋದೆ. ಕಣ್ಣು ಒದ್ದೆಯಾದದ್ದನ್ನು ಮಗು ನೋಡಿತೋ ಇಲ್ಲವೋ, ಅದನ್ನಂತೂ ಬ್ಲಾಗಿಗೆ ಹಾಕಲಿಲ್ಲ.

ಒರಳಿನ ಫೋಟೋ, ತಲೆ ಬಗ್ಗಿಸುವ ಹೆಂಗಸರ ವಿಡಿಯೋ, ಅಕ್ಕ ಹೇಳಿದ ಮಾತು ಎಲ್ಲವನ್ನೂ ಇಟ್ಟು ಉತ್ತರ ಬರೆದಳು. ಚುಕ್ಕಿಯನ್ನು ಅಳಿಸಲಿಲ್ಲ. ಬೀದಿಯಲ್ಲೇ ಉಳಿಸಿ ಪಕ್ಕದಲ್ಲಿ, "ಭಾಗವಾದ ವರ್ಷ ನಮ್ಮ ಮುತ್ತಜ್ಜಿ ಹೂಡಿದ ಒಲೆ" ಎಂದು ಬರೆದಳು. ನಾನಾಗಿದ್ದರೆ ನಾಚಿಕೊಂಡು ಅಳಿಸಿಬಿಡುತ್ತಿದ್ದೆ. "ಅದೂ ಚರಿತ್ರೆನೇ ಅಜ್ಜಿ" ಎಂದಳು. ಇಷ್ಟುದ್ದದ ಹುಡುಗಿಗೆ ಎಂಥ ಬುದ್ಧಿ! ರಾಜಘಟ್ಟದ ಹುಡುಗಿ ಕೆಳಗೆ, "ಸಖತ್ ಗುರು. ಸಾರಿ. ಬರೋ ವರ್ಷ ಊಟಕ್ಕೆ ಕರಿ" ಎಂದು ಬರೆದಳಂತೆ. ಅದರ ಮಾರನೆಯ ದಿನವೇ ಪುಟ ಸೇರಿದ್ದು, ನನ್ನ ರಾಗಿ ಚೆಲ್ಲಿದ್ದು.

ಸುದ್ದಿ ಕೇಳಿದ ಅಕ್ಕ, "ಇವತ್ತು ನಿಮ್ಮನೇಲಿ ಒಲೆ ಹಚ್ಚಬೇಡಿ" ಎಂದು ಹೇಳಿಕಳಿಸಿದಳು. ಸಂಜೆಗೆ ಇಬ್ಬರೂ ಕೂತು ಅವರೆಕಾಳು ಹಿತುಕಿದೆವು. ಅವಳ ಸೊಸೆ ಸಾರು ಕುದಿಸಿದಳು, ನನ್ನ ಸೊಸೆ ಮುದ್ದೆ ತೊಳಸಿ ಕಟ್ಟಿದಳು, ನನ್ನ ಮಗ ಪೇಟೆಯಿಂದ ಜಿಲೇಬಿ ತಂದ. ಭಾಗವಾದ ಎರಡೂ ಮನೆಯವರು ಅಕ್ಕನ ನಡುಮನೆಯಲ್ಲಿ ಸಾಲಾಗಿ ಕೂತೆವು. ಮೊಮ್ಮಗಳು ಎಡಗೈಯಲ್ಲಿ ಫೋನು ಹಿಡಿದು ತನ್ನ ಪುಟವನ್ನು ಓದಿದಳು. ಗಂಡಸರು ಇನ್ನೊಂದು ಸಲ ಓದು ಎಂದರು, ಓದಿದಳು. ಮೂರನೆಯ ಸಲ ಕೇಳಿದ್ದು ನಾನು.

"ಸಾಕು ಬಿಡ್ರೇ, ಮಗೂದು ಮುದ್ದೆ ಆರೋಯ್ತು" ಎಂದು ಅಕ್ಕ ಅವಳ ಕೈಯಿಂದ ಫೋನು ಕಿತ್ತುಕೊಂಡು, ತಟ್ಟೆಗೆ ಇನ್ನೊಂದು ಸೌಟು ಬಿಸಿ ಸಾರು ಬಿಟ್ಟಳು.